ಫೀ ಮಾಫಿ ಪತ್ರ

"ನಾ ಬಡವಿ ಅದೀನಿ, ಫೀ ಮಾಫ್ ಮಾಡ್ರಿ ಅಂತ ಹೆಂಗ ಬರೀಲಿ ಮೇಡಂ? ನಾಚಿಕಿ ಬರ್ತೈತ್ರಿ."

ಎಂಎಸ್ಸಿ ಗಣಿತದಲ್ಲಿ ಇಡೀ ಕಾಲೇಜಿಗೇ ಮೊದಲಿಗಳಾದ ದಾಕ್ಷಾಯಿಣಿ ಪೆನ್ನು ಕೆಳಗಿಟ್ಟಳು. ವಿದೇಶದ ವಿಶ್ವವಿದ್ಯಾಲಯಕ್ಕೆ ಬರೀ ಅರ್ಜಿ ಹಾಕಲು ಒಂಬತ್ತು ಸಾವಿರ ರೂಪಾಯಿ. ಅವಳವ್ವ ಎರಡು ತಿಂಗಳು ರೊಟ್ಟಿ ಬಡಿದು ಮಾರಿದರೂ ಅಷ್ಟು ಉಳಿಯುತ್ತಿರಲಿಲ್ಲ.

"ತಡಿ, ಮೊದಲ ನನ್ನ ಹೆಸರಿಲೆ ಒಂದು ಕಳಿಸಿ ನೋಡೂಣು. ಬೈದ್ರ ನನಗ ಬೈಲಿ," ಎಂದರು ಅವಳಿಗೆ ಪಾಠ ಹೇಳುವ ಅತಿಥಿ ಉಪನ್ಯಾಸಕಿ. ವರ್ಷಕ್ಕೆ ಹತ್ತೇ ತಿಂಗಳು ಸಂಬಳ ಕಾಣುವ ಅವರ ಪತ್ರದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅರ್ಜಿ ಪೂರ್ತಿ ತುಂಬದೆ ಮಾಫಿ ಕೇಳುವಂತಿರಲಿಲ್ಲ. ಅದನ್ನೂ ತುಂಬಿ ಕಳಿಸಿದರು.

ಮೂರೇ ದಿನಕ್ಕೆ ಮಾಫಿ ಸಿಕ್ಕಿತು. ಅದೇ ಧೈರ್ಯದ ಮೇಲೆ ದಾಕ್ಷಾಯಿಣಿಯೂ ಬರೆದಳು.

ಮಾರ್ಚಿನ ಒಂದು ಮಧ್ಯಾಹ್ನ ಅವಳು ಸ್ಟಾಫ್ ರೂಮಿಗೆ ಓಡಿಬಂದಳು. ಸೀಟು, ವಿದ್ಯಾರ್ಥಿವೇತನ, ವಿಮಾನದ ಟಿಕೆಟ್ಟು, ಎಲ್ಲವೂ ಸಿಕ್ಕಿತ್ತು! ಮೇಡಂ ಅವಳನ್ನು ಎತ್ತಿ ಗಿರಗಿರನೆ ತಿರುಗಿಸಿಬಿಟ್ಟರು. ಚಪ್ಪಲಿಯೊಂದು ಹಾರಿ ಹಾಜರಿ ಪುಸ್ತಕದ ಮೇಲೆ ಬಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ನಗು ನಿಂತ ಮೇಲೆ ಹುಡುಗಿ ಮೆಲ್ಲಗೆ ಅಂದಳು, "ಆದ್ರ ಮೇಡಂ, ಒಬ್ಬಾಕಿನ ವಿಮಾನ ಹತ್ತಾಕ ಅಂಜಿಕಿ ಬರ್ತೈತ್ರಿ."

ಮೇಡಂ ತಮ್ಮ ಫೋನನ್ನು ಅವಳ ಮುಂದೆ ಹಿಡಿದರು. ಅದೇ ವಿಶ್ವವಿದ್ಯಾಲಯ, ಅದೇ ಅಭಿನಂದನೆ. ಹೆಸರು ಮಾತ್ರ ಮೇಡಂ ಅವರದು.

"ಕಿಟಕಿ ಸೀಟು ನಂದು, ಈಗ ಹೇಳಿರ್ತೀನಿ."