ಕೈನಡುಕ

ಬ್ರೇಕ್ ಒತ್ತಿದಾಗಲೆಲ್ಲ ಸ್ಟಿಯರಿಂಗ್ ಹಿಡಿದ ಕೈ ಗಡಗಡ ನಡುಗುತ್ತಿತ್ತು. "ನಿಂಗೆ ಕೈನಡುಕ ಶುರುವಾಗಿದೆ ಕಣೇ, ಗಾಡಿ ಓಡಿಸಿದ್ದು ಸಾಕು," ಎಂದಿದ್ದರು ಗಂಡ. ಐವತ್ತರ ಅಂಚಿನಲ್ಲಿ ಹಟ ಹಿಡಿದು ಡ್ರೈವಿಂಗ್ ಕಲಿತಿದ್ದ ವಿನೋದಾ, ಯಾರಿಗಾದರೂ ಗುದ್ದಿಬಿಟ್ಟೇನೆಂದು ಹೆದರಿ ಕೀಲಿಯನ್ನು ಅವರಿಗೇ ಒಪ್ಪಿಸಿ ಹಿಂದಿನ ಸೀಟಿಗೆ ಸರಿದಿದ್ದಳು. ನರದ ಮಾತ್ರೆಯನ್ನೂ ನುಂಗುತ್ತಿದ್ದಳು.

ಅವತ್ತು ಗಂಡ ಊರಲ್ಲಿರಲಿಲ್ಲ. ಸರ್ವಿಸಿಗೆ ಕಾರು ಒಯ್ಯಲು ಬಂದ ಮೆಕ್ಯಾನಿಕ್ ಇಸ್ಮಾಯಿಲ್, ಮಾರ್ಕೆಟ್ಟಿನವರೆಗೆ ಬಿಡುತ್ತೇನೆಂದು ಅವಳನ್ನು ಮುಂದೆ ಕೂರಿಸಿಕೊಂಡ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಅವನ ಕೈಯೂ ನಡುಗಿತು.

"ನಿಮಗೂ ಕೈನಡುಕ ಬಂತಾ ಇಸ್ಮಾಯಿಲ್?"

ಅವನು ನಕ್ಕುಬಿಟ್ಟ. "ನನಗಲ್ಲಮ್ಮ, ಗಾಡಿಗೆ! ಬ್ರೇಕ್ ಡಿಸ್ಕ್ ಸೊಟ್ಟಗಾಗಿದೆ. ನಿಮ್ ಯಜಮಾನ್ರು ಘಾಟಿ ಇಳಿದು ಬಂದ ತಕ್ಷಣ ಗಾಲಿಗೆ ನೀರು ಬಿಡ್ತಾರಲ್ಲ, ಕಾದ ಕಬ್ಬಿಣ ತಡ್ಕೊಳುತ್ತಾ? ಆರೋಕೆ ಬಿಟ್ಟು ತೊಳೀರಿ ಅಂದ್ರೆ ಕೇಳಲ್ಲ."

ವಿನೋದಾ ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. ಎಷ್ಟು ಗಟ್ಟಿಯಾಗಿದ್ದವು! ಪಾಪ, ಅವರಿಗೂ ಗೊತ್ತಾಗಿರಲಿಕ್ಕಿಲ್ಲ. ಹೇಳಿದರೆ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗಬಹುದು.

"ಹಾಗಾದ್ರೆ ಇವತ್ತೇ ಹೊಸದು ಹಾಕಿಬಿಡಿ. ಅವರನ್ನ ಸ್ಟೇಷನ್ನಿಂದ ನಾನೇ ಕರ್ಕೊಂಡು ಬರ್ತೀನಿ."

ಇಸ್ಮಾಯಿಲ್ ತಲೆ ಕೆರೆದುಕೊಂಡ. "ಹೊಸ ಡಿಸ್ಕು ಯುಗಾದಿಯಿಂದ ನಮ್ ಗ್ಯಾರೇಜಲ್ಲೇ ಇದೆ ಅಮ್ಮ. 'ನಮ್ಮನೆಯವಳು ಡ್ರೈವಿಂಗ್ ಚಪಲ ಪೂರ್ತಿ ಬಿಡ್ಲಿ, ಆಮೇಲೆ ಹಾಕು' ಅಂದಿದ್ರು ಸಾರು."