ಪೇಟೆ ಮುಗಿಯುವ ಕಂಬ

ಕಬ್ಬಿಣದ ರಾಡು ಬಿದ್ದದ್ದೇ ತಡ, ಕೈಗಾಡಿಯವನ ಬಲ ಮಣಿಕಟ್ಟು ಲಟಕ್ಕೆಂದಿತು.

"ಪೇಟೆ ಈ ಸೇತುವೆ ಕಂಬಕ್ಕೆ ಮುಗೀತು ಮಗನೇ! ಇಲ್ಲಿಂದಾಚೆ ಲೋಡು ನಮ್ದು, ಇಳಿಸು!" ಎಂದ ಸೇತುವೆಯಾಚೆಯ ಹಮಾಲ. ಗಡಿ ದಾಟಿದ ಗಾಡಿಗೆ ಏಟು ಎಂಬುದು ಸೇತುವೆಯ ಎರಡೂ ಕಡೆಯ ಹಮಾಲರು ತಾವೇ ಮಾಡಿಕೊಂಡ ಕಾನೂನು.

"ಲೋಡಲ್ವೋ ಪಾಪಿ, ನಮ್ಮಪ್ಪ! ಎದೆನೋವು, ಆಸ್ಪತ್ರೆಗೆ ಒಯ್ತಿದೀನಿ!"

ಬಿಸಿಲಿಗೆ ಹೊದಿಸಿದ್ದ ಗೋಣಿ ಸರಿಸಿ ನೋಡಿದ ಹಮಾಲ ರಾಡು ಬಿಸಾಡಿದ. "ಮೊದ್ಲೇ ಬಾಯಿ ಬಿಡೋಕೇನಾಗಿತ್ತೋ? ನಾನೆಳೀತೀನಿ, ನೀನು ಹಿಂದಿಂದ ತಳ್ಳು" ಎಂದು ಗಾಡಿಯ ಹಿಡಿಗೆ ಎರಡೂ ಕೈ ಹಾಕಿದ. ಮಗನ ನೆತ್ತಿಗೇರಿದ್ದ ಸಿಟ್ಟಿಗೆ ಕಿವಿಯಿರಲಿಲ್ಲ. ಎಡಗೈಯಲ್ಲಿ ರಾಡೆತ್ತಿ ಆ ಕೈಗಳ ಮೇಲೇ ಬೀಸಿದ.

ಹಮಾಲ ಚೀರಿ ಕುಸಿದ. ಮಗ ಒಂಟಿ ಕೈಯಲ್ಲಿ ಎಳೆದ, ಗಾಡಿ ಅಲ್ಲಾಡಲಿಲ್ಲ.

"ಯಾಕ್ರೋ ನಿಂತ್ರಿ?" ಎಂದು ಗೋಣಿಯಡಿಯಿಂದ ಅಪ್ಪ ಕೇಳಿದ.