ಚಕ್ರಕ್ಕಂಟಿದ ಎರೆಮಣ್ಣು

ಗಂಡ ಬರುವುದರೊಳಗೆ ಕಾರು ತೊಳೆದು ಮುಗಿಸಬೇಕಿತ್ತು. ಓಡಿಹೋಗಿ ಮದುವೆಯಾದ ಮಗಳು ಎಲ್ಲಿದ್ದಾಳೆಂದು ಗೊತ್ತಾದ ದಿನವೇ ಅವಳ ಕಾಲು ಮುರಿಯುತ್ತೇನೆ ಎಂದಿದ್ದ ಮನುಷ್ಯ ಅವನು. ಚಕ್ರಗಳಿಗೆ ಮೆತ್ತಿದ್ದ ಕಪ್ಪು ಎರೆಮಣ್ಣು ಈ ಕೆಂಪು ನೆಲದ ಊರಿನದಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ನಾಲ್ಕು ಬಕೆಟ್ ನೀರು ಸುರಿದು ಉಜ್ಜಿದಳು. ಬಾಣಂತಿ ಮಗಳಿಗೆ ಒಯ್ದಿದ್ದ ಲೇಹ್ಯದ ಕಲೆಯನ್ನು ಸೀಟಿನಿಂದ ಒರೆಸುತ್ತಿದ್ದಾಗ ಬೆನ್ನ ಹಿಂದೆ ಗೇಟು ಕಿರುಗುಟ್ಟಿತು.

“ಏನೇ, ಇವತ್ತು ಕಾರಿಗೆ ಅಭ್ಯಂಜನ?”

“ದೇವಸ್ಥಾನಕ್ಕೆ ಹೋಗಿದ್ದೆ. ಧೂಳಾಗಿತ್ತು.”

ಅವನು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಮಡ್‌ಗಾರ್ಡಿನ ಒಳಗೆ ಬೆರಳಾಡಿಸಿ, ಕಪ್ಪಾದ ಬೆರಳನ್ನು ಅವಳ ಮುಖದೆದುರು ಹಿಡಿದ. ಅವಳ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಇಲ್ಲೇ ಉಳ್ಕೊಳ್ಳೋದು ಇದು. ಹೋದ ವಾರ ನಾನೂ ನಿಂಗೆ ಗೊತ್ತಾಗಬಾರದು ಅಂತ ಎರಡು ಸಲ ಉಜ್ಜಿದ್ದೆ. ಮಗು ಎದ್ದಿತ್ತಾ? ನಾನು ಹೋದಾಗ ಮಲಗಿತ್ತು.”